ಅಣ್ಣನ ಕಿಡ್ನಿ, ನನ್ನ ಡಬ್ಬಿ

9 ಮಾರ್ಚ್ 2024, ಶನಿವಾರ
ಮೈಸೂರು

ನಿನ್ನೆ ಶಿವರಾತ್ರಿ. ಮನೆಯಲ್ಲಿ ಎಲ್ಲರಿಗೂ ಉಪವಾಸ, ನನಗೆ ಮಾತ್ರ ಬೆಳಿಗ್ಗೆ ಎಂಟಕ್ಕೇ ಉಪ್ಪಿಟ್ಟು. ಇನ್ಸುಲಿನ್ ತಗೊಳ್ಳುವವಳಿಗೆ ಶಿವ ರಿಯಾಯಿತಿ ಕೊಡುತ್ತಾನೆ ಅಂತ ಅಜ್ಜಿ ಹದಿಮೂರು ವರ್ಷದಿಂದ ಹೇಳುತ್ತಲೇ ಇದ್ದಾರೆ. ಆಮೇಲೆ ಗೆಳತಿಯರ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದೆ. ಇವತ್ತು ಕಾಲು ನೋವು.

ಎದ್ದ ಕೂಡಲೇ ಮೊದಲ ಮೂತ್ರ ಡಬ್ಬಿಗೆ ಹಿಡಿದು, ಪೇಪರ್ ಸುತ್ತಿ ಲ್ಯಾಬಿಗೆ ಒಯ್ದೆ. ಕಳೆದ ವರ್ಷ ಬೇರೊಂದು ಲ್ಯಾಬಿನವರು ಸುಮ್ನೆ ಒಂದು ಪಟ್ಟಿ ಅದ್ದಿ ನೋಡಿ 'ಪ್ರೋಟೀನ್ ನಿಲ್' ಅಂತ ಬರೆದುಕೊಟ್ಟಿದ್ದರು. ಕಿಡ್ನಿ ಕೆಡುವ ಶುರುವಿನಲ್ಲಿ ಮೂತ್ರಕ್ಕೆ ಸೋರುವ ಚೂರು ಆಲ್ಬುಮಿನ್ ಅನ್ನುವ ಪ್ರೋಟೀನ್ ಆ ಪಟ್ಟಿಗೆ ಸಿಗುವುದಿಲ್ಲ. ಅದಕ್ಕೇ ಈ ಸಲ, ಅದನ್ನು ಮೂತ್ರದಲ್ಲಿ ಹೋಗುವ ಕ್ರಿಯಾಟಿನಿನ್ ಅನ್ನುವ ಕಸದ ಜೊತೆ ತಾಳೆ ಹಾಕಿ ಅಳೆಯುವ 'ಆಲ್ಬುಮಿನ್ ಕ್ರಿಯಾಟಿನಿನ್ ರೇಶಿಯೋ' ಅಂತ ಚೀಟಿಯಲ್ಲಿ ದಪ್ಪಕ್ಕೆ ಬರೆದು, ಕೌಂಟರ್ ಹುಡುಗಿಯ ಕೈಲಿ ಓದಿಸಿಯೇ ಬಂದೆ.

ಅಣ್ಣನಿಗೂ ನನ್ನ ಹಾಗೇ ಟೈಪ್ ಒನ್, ಮೈಯೇ ಇನ್ಸುಲಿನ್ ಮಾಡಿಕೊಳ್ಳಲಾಗದ ಸಕ್ಕರೆ ಕಾಯಿಲೆ. ಅವನಿಗೀಗ 31, ವಾರಕ್ಕೆ ಮೂರು ಸಲ ಡಯಾಲಿಸಿಸ್. 'ಹಾಸ್ಟೆಲಿನಲ್ಲಿ ಸಿಕ್ಕಿದ್ದೆಲ್ಲ ತಿಂದ, ಅನುಭವಿಸ್ತಿದಾನೆ' ಅನ್ನುತ್ತಾರೆ ನೆಂಟರು. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಹಳೇ ಫೈಲು ನನ್ನ ಹತ್ತಿರವೇ ಇದೆ. ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ ಒನ್ ಸಿ ಅವನದು 8ರ ಆಸುಪಾಸಿನಲ್ಲಿತ್ತು. ಪಿಯುಸಿಯ ಎರಡು ವರ್ಷ ನನ್ನದೇ 9 ದಾಟಿತ್ತು. ಕಿಡ್ನಿ ಹೋಗಿದ್ದು ಮಾತ್ರ ಅವನದು.

ಶುಗರ್ ಒಂದರಿಂದಲೇ ಇದೆಲ್ಲ ಆಗುವುದಿಲ್ಲ ಅಂತ 1989ರಲ್ಲೇ ಅಮೆರಿಕದ ಮಿನೆಸೋಟದಲ್ಲಿ ಕಂಡಿದ್ದರು. ಸಣ್ಣ ಅಧ್ಯಯನ. ಅಣ್ಣನಿಗೋ ತಂಗಿಗೋ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟಿದ್ದರೆ, ಸಕ್ಕರೆ ಕಾಯಿಲೆ ಇರುವ ಒಡಹುಟ್ಟಿದವರಲ್ಲಿ ಶೇ. 83 ಮಂದಿಗೆ ಕಿಡ್ನಿ ತೊಂದರೆಯ ಗುರುತು ಸಿಕ್ಕಿತು. ಕೆಟ್ಟಿರದಿದ್ದರೆ ಶೇ. 17. ಇದನ್ನು ಓದಿದ ರಾತ್ರಿ ನಿದ್ದೆ ಬಂದಿರಲಿಲ್ಲ.

ಆಮೇಲೆ 2019ರದ್ದು ಓದಿದೆ. ಯುರೋಪ್ ಮೂಲದ, ಟೈಪ್ ಒನ್ ಇರುವ 19 ಸಾವಿರಕ್ಕೂ ಹೆಚ್ಚು ಜನರ ಜೀನ್‌ಗಳನ್ನು ಜಾಲಾಡಿದ್ದರು. ಎದ್ದು ಕಂಡಿದ್ದು ಸಿಒಎಲ್‌4ಎ3 ಅನ್ನುವ ಜೀನ್. ಕಿಡ್ನಿಯೊಳಗೆ ರಕ್ತ ಸೋಸುವ ಜರಡಿಗೆ ಒಂದು ತೆಳು ಪೊರೆ ಇರುತ್ತದೆ. ಅದರ ಕೊಲಾಜೆನ್ ಎಳೆಯನ್ನು ಮಾಡಿಸುವುದು ಇದೇ. ಈ ಜೀನ್ ಪೂರ್ತಿ ಕೆಟ್ಟರೆ ಆಲ್ಪೋರ್ಟ್ ಅನ್ನುವ ಕಾಯಿಲೆ: ಕಿಡ್ನಿಯ ಜೊತೆ ಕಿವಿಯೂ ಹೋಗಬಹುದು. ಆದರೆ ಇದರಲ್ಲೇ ಒಂದೇ ಒಂದು ಅಕ್ಷರ ಬದಲಾಗಿದ್ದವರ ಕಿಡ್ನಿ ಸಕ್ಕರೆ ಕಾಯಿಲೆಗೆ ಅಷ್ಟು ಬೇಗ ಬಗ್ಗಿರಲಿಲ್ಲ! ಸಕ್ಕರೆಗೆ ದಪ್ಪವಾಗುವ ಪೊರೆ ಅವರಲ್ಲಿ ತೆಳುವಾಗಿತ್ತು. ಶುಗರ್ ಜಾಸ್ತಿ ಇದ್ದವರಲ್ಲೇ ಈ ಕಾಪು ಚೆನ್ನಾಗಿ ಕಂಡಿತಂತೆ. ಪಿಯುಸಿಯಲ್ಲಿ ನನ್ನನ್ನು ಕಾದಿದ್ದು ಅದೇನಾ ಅಂತ ಒಂದು ಆಸೆ. ಹಾಗಿದ್ದರೆ ಅಣ್ಣನಿಗೆ ಅದು ಸಿಗದೆ ನನಗೆ ಸಿಕ್ಕಿದೆ ಅನ್ನಬೇಕು. ಆಗ ಆಸೆಪಟ್ಟಿದ್ದಕ್ಕೇ ನಾಚಿಕೆಯಾಗುತ್ತದೆ.

"ಜೀನ್ ಟೆಸ್ಟ್ ಮಾಡಿಸಲಾ ಡಾಕ್ಟ್ರೇ?" ಅಂತ ಕಳೆದ ತಿಂಗಳು ಕೇಳಿದ್ದೆ.

"ಇದೇನು ಒಂದು ಜೀನ್ ಆಟ ಅಲ್ಲಮ್ಮ. ಎಷ್ಟೋ ಇವೆ, ಒಂದೊಂದರದ್ದು ಚೂರು ಚೂರು. ನಿಮ್ಮಣ್ಣನೇ ನಿಮ್ಮ ಜೀನ್ ಟೆಸ್ಟ್ ಅಲ್ವಾ? ವರ್ಷ ತಪ್ಪದೆ ಡಬ್ಬಿ ಕೊಡಿ, ಬಿಪಿ ನೋಡ್ಕೊಳ್ಳಿ."

ಸಂಜೆ ವಾಟ್ಸ್ಆ್ಯಪಿಗೆ ರಿಪೋರ್ಟ್ ಬಂತು. ರೇಶಿಯೋ 24. ಮೂವತ್ತರ ಒಳಗಿದ್ದರೆ ನಾರ್ಮಲ್. ಎರಡು ವರ್ಷದ ಹಿಂದೆ 11 ಇತ್ತು ಅನ್ನುವುದೇ ತಲೆಯಲ್ಲಿ ಸುತ್ತುತ್ತಿದೆ. ಡಾಕ್ಟರಿಗೆ ಕಳಿಸಿದರೆ, ಹಿಂದಿನ ದಿನ ಜೋರಾಗಿ ಮೈ ದಣಿಸಿದರೂ ಏರಬಹುದು, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ ಅಂದರು.

ಅಷ್ಟರಲ್ಲಿ ಅಣ್ಣನ ಮೆಸೇಜ್. ಡಯಾಲಿಸಿಸ್‌ನಲ್ಲಿದ್ದ. ಎಡಗೈಗೆ ಸೂಜಿ ಹಾಕಿರುತ್ತಾರೆ, ಬಲಗೈ ಹೆಬ್ಬೆರಳಲ್ಲೇ ಟೈಪ್ ಮಾಡುತ್ತಾನೆ.

"ನಿಂದೆಷ್ಟು?"

24 ಅಂತ ಕಳಿಸಿ, ಬೆಟ್ಟದ ಕತೆಯನ್ನೂ ಹೇಳಿದೆ. ಎರಡು ನಿಮಿಷ ಟೈಪ್ ಮಾಡುತ್ತಲೇ ಇದ್ದ. ಬಂದಿದ್ದು ಒಂದೇ ಸಾಲು.

"ಮುಂದಿನ ಸಲ ಬಸ್ಸಲ್ಲಿ ಹೋಗು ಕಣೇ."