ಮಂಗಳವಾರದ ಸಾಣೆ

ಅಜ್ಜನ ಟ್ರಂಕಿನ ತಳದಲ್ಲಿ ಸಿಕ್ಕಿದ ಕ್ಷೌರದ ಕತ್ತಿಯ ಬುಡದಲ್ಲಿ ‘ಸೋಲಿಂಗೆನ್’ ಎಂದು ಕೊರೆದಿತ್ತು. ಚಾಕು, ಕತ್ತರಿಗಳಿಗೆ ಹೆಸರಾದ ಜರ್ಮನಿಯ ಊರು ಅದು. ಅಜ್ಜ ಕೊನೆಯವರೆಗೂ ಅದರಲ್ಲೇ ಗಡ್ಡ ತೆಗೆದುಕೊಳ್ಳುತ್ತಿದ್ದರಂತೆ. ನನಗೂ ಆ ಹುಚ್ಚು ಹತ್ತಿತು. ಒಮ್ಮೆಯೂ ಕೆನ್ನೆಗೆ ಮುಟ್ಟಿಸುವ ಮೊದಲೇ ಮೂರು ಸಾಣೆಕಲ್ಲು ತರಿಸಿಕೊಂಡೆ: 1000, 4000, 8000. ನಂಬರು ಏರಿದಷ್ಟೂ ಕಲ್ಲು ನಯ.

ಭಾನುವಾರ ಬಚ್ಚಲಮನೆಯಲ್ಲಿ ಕುಳಿತು, ಅಡುಗೆಮನೆಯ ಚಾಕುವಿಗೆ ಮಾಡುವಂತೆ ಬೆನ್ನನ್ನು ತುಸು ಎತ್ತಿ, ಒತ್ತಿ ಒತ್ತಿ ಮಸೆದೆ. ಆಮೇಲೆ ಕೆನ್ನೆಗೆ ಇಟ್ಟರೆ ಕೂದಲು ಕತ್ತರಿಸಲಿಲ್ಲ, ಕಿತ್ತುಕೊಂಡು ಬಂತು. ಹೆಂಡತಿ ಹತ್ತಿ ತಂದುಕೊಟ್ಟಳು, ಒಂದು ಮಾತೂ ಆಡಲಿಲ್ಲ. ಆಡಿದ್ದರೇ ವಾಸಿಯಿತ್ತು.

ತುಮಕೂರಿನ ಚಿಕ್ಕಪೇಟೆಯಲ್ಲಿ ನಾನು ಹುಡುಗನಾಗಿದ್ದಾಗಿನಿಂದ ತಲೆ ಕೊಡುತ್ತಿರುವ ಅಂಗಡಿಯೊಂದಿದೆ. ಈಗ ಮಗನ ಕಾಲ. ಗಿರಾಕಿಗೊಂದು ಹೊಸ ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುತ್ತಾನೆ, ಸಾಣೆಯ ಗೊಡವೆಯೇ ಇಲ್ಲ. ತಂದೆಗೆ ಎಪ್ಪತ್ತು ದಾಟಿದೆ. ಕ್ಷೌರದಂಗಡಿಗಳಿಗೆ ರಜೆಯಿರುವ ಮಂಗಳವಾರ ನೋಡಿಕೊಂಡು ಅವರ ಮನೆಗೆ ಹೋದೆ.

ಕತ್ತಿ ಬಿಚ್ಚಿದವರು ಬಾಯಿಯನ್ನು ಮೇಲೆ ಮಾಡಿ ಬಲ್ಬಿಗೆ ಹಿಡಿದರು. “ಇಲ್ಲಿ ನೋಡಪ್ಪಾ.” ಉದ್ದಕ್ಕೂ ಎಳೆಯಂಥ ಬಿಳಿ ಗೆರೆ ಮಿನುಗುತ್ತಿತ್ತು. ಹರಿತವಾದ ಬಾಯಿ ಹಾಗೆ ಮಿನುಗುವುದಿಲ್ಲ, ಬೆಳಕು ಕೂರಲು ಅಲ್ಲಿ ಜಾಗವಿರುವುದಿಲ್ಲ. “ಇದನ್ನೇನು ಎಳನೀರು ಕೊಚ್ಚುವ ಮಚ್ಚು ಎಂದುಕೊಂಡೆಯಾ?”

ಈ ಕತ್ತಿಯ ಬೆನ್ನು ಸುಮ್ಮನೆ ದಪ್ಪಗಿಲ್ಲ. ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನೂ ಬಾಯಿಯೂ ಒಟ್ಟಿಗೆ ತಾಗುತ್ತವೆ. ಓರೆ ಎಷ್ಟಿರಬೇಕೆಂಬುದನ್ನು ಬೆನ್ನೇ ನೋಡಿಕೊಳ್ಳುತ್ತದೆ. ನಾನು ಅದನ್ನು ಎತ್ತಿ ಆ ಲೆಕ್ಕವನ್ನೇ ಕೆಡಿಸಿದ್ದೆ.

ಅವರು 1000ದ ಕಲ್ಲಿಗೆ ನೀರು ಹನಿಸಿ, ಕತ್ತಿಯನ್ನು ಮಲಗಿಸಿ, ಬಾಯಿ ಮುಂದಾಗಿ ತಳ್ಳಿದರು. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ, ಮತ್ತೆ ಬಾಯಿ ಮುಂದಾಗಿ ತಮ್ಮ ಕಡೆಗೆ. ಭಾರ ಹಾಕಲೇ ಇಲ್ಲ, ಕತ್ತಿಯ ತೂಕವೇ ಸಾಕು ಎಂಬಂತೆ. ಬಾಯಿಯ ಮುಂದೆ ನೀರಿನ ಸಣ್ಣ ಅಲೆಯೊಂದು ಓಡುತ್ತಿತ್ತು. ಆ ಅಲೆ ಎಲ್ಲಿ ತುಂಡಾಯಿತೋ ಅಲ್ಲಿ ಬಾಯಿ ಕಲ್ಲಿಗೆ ಕೂತಿಲ್ಲವೆಂದು ಅರ್ಥ. ಮೊದಲು ಕರಕರ ಎನ್ನುತ್ತಿದ್ದ ಸದ್ದು ಬರಬರುತ್ತಾ ರೇಷ್ಮೆ ಸೀರೆ ಮಡಿಸಿದಂತಾಯಿತು. ಮುಂಗೈಯ ರೋಮ ತೆಗೆದು ನೋಡಿ, ತೃಪ್ತಿಯಾದ ಮೇಲಷ್ಟೇ ಮುಂದಿನ ಕಲ್ಲು.

ಕೊನೆಗೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಚರ್ಮದ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. “ನೀನು ಕಲಿಯಬೇಕಾದದ್ದು ಮೊದಲು ಇದು.” ಇಲ್ಲಿ ದಿಕ್ಕು ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿ ಸೀಳುತ್ತದೆ. ಅವರ ಪಟ್ಟಿಯ ಅಂಚಿನಲ್ಲಿ ನಾನು ಮಾಡಿದ ಗಾಯ ಈಗಲೂ ಇದೆ.

“ಹಾಗಾದರೆ ಕಲ್ಲು ಯಾವಾಗ ಅಣ್ಣಾ?”

“ಪಟ್ಟಿ ಕೈಕೊಟ್ಟಾಗ. ಪಟ್ಟಿಗೆ ಎಳೆದ ಮೇಲೂ ಗಲ್ಲದ ಹತ್ತಿರ ಕೂದಲು ಜಗ್ಗಿದರೆ ಆಗ ತೆಗೆ, ಅದೂ ನಯವಾದದ್ದೊಂದೇ. ನಮಗೆ ದಿನಕ್ಕೆ ಇಪ್ಪತ್ತು ಮುಖ, ಆಗಾಗ ಕಲ್ಲು ಬೇಕಿತ್ತು. ನಿನ್ನದು ಒಂದೇ ಮುಖ.”

ಅಂದಿನಿಂದ ಗಡ್ಡಕ್ಕೆ ಮುಂಚೆ 50 ಸಲ ಪಟ್ಟಿ, ಆಮೇಲೆ ಒರೆಸಿ ಒಂದು ತೊಟ್ಟು ಎಣ್ಣೆ. ನಾಲ್ಕು ತಿಂಗಳು ಕಲ್ಲುಗಳು ಅಟ್ಟದಲ್ಲೇ ಇದ್ದವು. ಕಳೆದ ವಾರ ಗಲ್ಲದ ಹತ್ತಿರ ಜಗ್ಗಿತು. 8000ದ ಕಲ್ಲಿನ ಮೇಲೆ ಹತ್ತು ಸಲ, ಉಸಿರು ಬಿಗಿಹಿಡಿದು ಎಳೆದೆ. ಮಂಗಳವಾರ ಚಿಕ್ಕಪೇಟೆಗೆ ಒಯ್ದೆ.

ಬಲ್ಬಿಗೆ ಹಿಡಿದರು. ಬಿಳಿ ಗೆರೆ ಇರಲಿಲ್ಲ, ತುದಿಯಲ್ಲಿ ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟು.

“ಕೊನೆಯಲ್ಲಿ ತುದಿ ಎತ್ತಿದ್ದೀಯ” ಎಂದು ಕಲ್ಲಿಗೆ ನೀರು ಚಿಮುಕಿಸಿ ನನ್ನ ಕಡೆ ಸರಿಸಿದರು.