ಜಂತ್ರಡಿ ಬಾಗಿಲು ಯಾರು ತೆಗೆಯಬೇಕು?

ಕಗ್ಗದ ಅಕ್ಕಿ ಬಗ್ಗೆ ಈಗ ಜಾಸ್ತಿ ಜನ ಕೇಳುತ್ತಾರೆ. ಬೆಂಗಳೂರಿನ ಗೆಳತಿಯರು ಫೋನ್ ಮಾಡಿ, 'ನಿಮ್ಮೂರಿನ ಆ ಉಪ್ಪುನೀರಿನ ಕೆಂಪಕ್ಕಿ ಸಿಗ್ತದಾ?' ಅನ್ನುತ್ತಾರೆ. ಇದ್ದಾಗ ಕಳಿಸುತ್ತೇನೆ, ಖುಷಿಯಿಂದಲೇ ಕಳಿಸುತ್ತೇನೆ. ಆದರೆ ಅದನ್ನು ಬೆಳೆಯುವ ಕ್ರಮ ಹೇಳಲು ಹೊರಟರೆ ಫೋನಿನಲ್ಲಿ ಮುಗಿಯುವುದಿಲ್ಲ. ಕಗ್ಗವನ್ನು ಒಬ್ಬರೇ ಬೆಳೆಯಲು ಆಗುವುದಿಲ್ಲ. ಊರು ಒಂದು ಕಡೆ ಕೂತು ಮಾತಾಡಬೇಕು, ಒಂದು ತೀರ್ಮಾನಕ್ಕೆ ಬರಬೇಕು, ಅದನ್ನು ಎಲ್ಲರೂ ಪಾಲಿಸಬೇಕು. ಬಿತ್ತನೆ ಅದಾದ ಮೇಲೆ.

ನಮ್ಮೂರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ದಂಡೆಯಲ್ಲಿದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಈ ಹೊಳೆ ಉಂಚಳ್ಳಿಯಲ್ಲಿ ಧುಮುಕಿ, ಘಟ್ಟ ಇಳಿದು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುತ್ತದೆ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಘಟ್ಟದ ಮಣ್ಣು ಇವತ್ತಿಗೂ ನಮ್ಮ ತನಕ ಬರುತ್ತದೆ. ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಹೊಳೆಯೊಳಗೆ ದೂರದವರೆಗೆ ಏರುತ್ತದೆ. ಈ ಎರಡೂ ನೀರು ಬಂದುಹೋಗುವ ತಗ್ಗು ಜಾಗಕ್ಕೆ ಕಟ್ಟೆ ಹಾಕಿ ಮಾಡಿದ ಗದ್ದೆಯೇ ಗಜನಿ. ಕಟ್ಟೆಯಲ್ಲಿ ಅಲ್ಲಲ್ಲಿ ನೀರು ಒಳಗೆ ಹೊರಗೆ ಬಿಡುವ ಹಲಗೆಯ ಬಾಗಿಲು ಇರುತ್ತದೆ. ಅದು ಜಂತ್ರಡಿ.

ಅಪ್ಪ ಹೋದ ಮೇಲೆ ನಮ್ಮ ಪಾಲಿನ ಗಜನಿ ಅಮ್ಮನ ಹೆಸರಿಗೆ ಬಂತು. ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ. ನಾನು ಕುಮಟಾ ಪೇಟೆಯಲ್ಲೇ ಇರುವುದರಿಂದ ಅಮ್ಮನ ಪರವಾಗಿ ಗಜನಿ ಪಾಲುದಾರರ ಸಭೆಗೆ ಹೋಗುವವಳು ನಾನು. ಲೆಕ್ಕ ಬರೆಯುವುದು, ನಿರ್ಣಯ ಬರೆಯುವುದು ಕೂಡ ನನ್ನ ಪಾಲಿಗೇ ಬಂತು. ಸಭೆಯ ಹಳೆಯ ಪುಸ್ತಕ ಓದುತ್ತಾ ಕೂತಾಗಲೇ ಈ ವ್ಯವಸ್ಥೆ ಎಷ್ಟು ಸೂಕ್ಷ್ಮವಾದದ್ದು ಎಂದು ನನಗೆ ಅರ್ಥವಾಗಿದ್ದು.

ನೋಡಿ, ಮೇ ಕೊನೆಯಲ್ಲಿ ಗಜನಿ ಒಣಗಿ ಬಿರುಕು ಬಿಟ್ಟಿರುತ್ತದೆ. ನೆಲದ ಮೇಲೆ ಉಪ್ಪು ಬೆಳ್ಳಗೆ ಎದ್ದಿರುತ್ತದೆ. ಮೊದಲ ಮಳೆಗಳು ಆ ಉಪ್ಪನ್ನು ಕರಗಿಸಬೇಕು. ಕರಗಿದ ನೀರನ್ನು ಇಳಿತದ ಹೊತ್ತಿಗೆ ಬಾಗಿಲು ತೆಗೆದು ಹೊಳೆಗೆ ಬಿಡಬೇಕು. ಭರತ ಏರುವ ಮೊದಲು ಮತ್ತೆ ಮುಚ್ಚಬೇಕು. ಭರತ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡವಾಗಿ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜೋರು. ಅಂದರೆ ಈ ವಾರ ನಡುಹಗಲಿಗೆ ಇರುವ ಕೆಲಸ ಮುಂದಿನ ವಾರ ಮಳೆಯ ನಡುವೆ ಮುಂಜಾವದ ಕತ್ತಲಲ್ಲಿ ಇರುತ್ತದೆ. ಬಾಗಿಲು ಕಾಯುವವನು ಒಂದು ರಾತ್ರಿ ನಿದ್ದೆ ಮಾಡಿದರೆ ಇಡೀ ಗಜನಿಗೆ ಉಪ್ಪುನೀರು. ನನ್ನ ಗದ್ದೆಗೆ ಮಾತ್ರ ನೀರು ಬೇಡ ಅನ್ನುವ ಹಾಗಿಲ್ಲ, ನನಗೆ ಮಾತ್ರ ಬೇಕು ಅನ್ನುವ ಹಾಗೂ ಇಲ್ಲ. ಒಳಗೆ ಬದುಗಳಿವೆ, ಒಬ್ಬೊಬ್ಬರ ಪಾಲಿಗೂ ಪಹಣಿ ಇದೆ. ನೀರಿಗೆ ಪಹಣಿ ಗೊತ್ತಿಲ್ಲ.

ಉಪ್ಪು ಇಳಿದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಆ ಮೇಲೆ ಗೊಬ್ಬರ ಇಲ್ಲ, ಔಷಧಿ ಇಲ್ಲ. ನೆರೆ ತಂದ ಮಣ್ಣೇ ಗೊಬ್ಬರ. ಪೈರು ಎದೆಮಟ್ಟಕ್ಕೆ ಬೆಳೆಯುತ್ತದೆ. ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ನೀರು ಇಳಿದ ಮೇಲೆ ಏಳುತ್ತದೆ. ಸ್ವಲ್ಪ ಉಪ್ಪು ಉಳಿದರೂ ತಡೆಯುತ್ತದೆ. ಬಿಳಿಕಗ್ಗ, ಕರಿಕಗ್ಗ ಅಂತ ಇದೆ. ಕರಿಕಗ್ಗಕ್ಕೆ ಉದ್ದ ಮೀಸೆ, ಹಾಗಾಗಿ ಹಕ್ಕಿಗಳ ಕಾಟ ಕಡಿಮೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದುಕೊಂಡು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಅದು ಮುಂದಿನ ಬೆಳೆಗೆ ಬೇಕು.

ಮುಂದಿನ ಬೆಳೆ ಮೀನು. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಭರತದ ನೀರನ್ನು ಒಳಗೆ ಬಿಡುತ್ತೇವೆ. ಅದರ ಜೊತೆ ಶೆಟ್ಲಿ ಮರಿ, ಅಂದರೆ ಸೀಗಡಿ ಮರಿ, ಮೀನಿನ ಮರಿ ಬರುತ್ತವೆ. ಕೊಳೆತ ಹುಲ್ಲು ಅವಕ್ಕೆ ಆಹಾರ. ಆ ಮೇಲೆ ಇಳಿತದ ನೀರಿಗೆ ಬಾಗಿಲಲ್ಲಿ ಬಲೆ ಕಟ್ಟಿದರೆ ಮಡ್ಲೆ, ಕುರುಡೆ, ಶೆಟ್ಲಿ, ಏಡಿ. ಈ ಮೀನು ಹಿಡಿಯುವ ಹಕ್ಕನ್ನು ಲಿಲಾವು (ಹರಾಜು) ಮಾಡುತ್ತಾರೆ. ಬಂದ ಹಣದಲ್ಲಿ ಮೊದಲು ಕಟ್ಟೆ ರಿಪೇರಿ, ಬಾಗಿಲಿನ ಹಲಗೆ, ಕಾವಲಿನವನ ಸಂಬಳ, ದೇವರ ಕಾರ್ಯದ ಖರ್ಚು. ಉಳಿದದ್ದು ಪಾಲುದಾರರಿಗೆ. ಚಳಿಗಾಲದಲ್ಲಿ ಇದೇ ನೀರಿಗೆ ದೂರದೂರದ ಹಕ್ಕಿಗಳು ಬಂದು ಇಳಿಯುತ್ತವೆ.

ಇದೆಲ್ಲಾ ನಮ್ಮ ಊರಿನಲ್ಲಿ ಒಂದು ಕಾಲಕ್ಕೆ ಪೂರ್ತಿ ನಿಂತು ಹೋಗಿತ್ತು.

1970ರ ದಶಕದಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಒಡೆಯರಾದರು. ಅದು ಬಹಳ ದೊಡ್ಡ ನ್ಯಾಯ, ನಮ್ಮ ಮನೆಗೂ ಭೂಮಿ ಬಂದದ್ದು ಹಾಗೆಯೇ. ಇನ್ನೊಂದು ಕಡೆ ಸರ್ಕಾರ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಾಯಂ ಕಟ್ಟೆ ಕಟ್ಟಿಸಿತು. ಮೊದಲು ವರ್ಷಾ ವರ್ಷಾ ಊರೇ ಸೇರಿ ಮಣ್ಣು ಹಾಕುತ್ತಿತ್ತು. ಕಟ್ಟೆ ಸರ್ಕಾರದ್ದಾದ ಮೇಲೆ ಬುಟ್ಟಿ ಹಿಡಿದು ಬರುವವರು ಕಡಿಮೆಯಾದರು. ಸಭೆಯೂ ಕಡಿಮೆಯಾಯಿತು. ಪುಸ್ತಕದಲ್ಲಿ ಆ ವರ್ಷಗಳ ಪುಟಗಳು ತೀರಾ ತೆಳ್ಳಗಿವೆ.

ಸಭೆ ಸಡಿಲಾದ ಹೊತ್ತಿಗೆ ಸೀಗಡಿ ಕೃಷಿಯ ಹಣ ಬಂತು. ಕಂತ್ರಾಟುದಾರರು ಬಂದು ಒಬ್ಬೊಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡಿ ಗಜನಿಯನ್ನು ಗೇಣಿಗೆ ಪಡೆದರು. ಮನೆಯಲ್ಲಿ ಸಾಲ ಇತ್ತು, ಅಪ್ಪನೂ ಕೊಟ್ಟರು. ಅವರನ್ನು ನಾನು ದೂರುವುದಿಲ್ಲ. ಎದುರಿಗೆ ಹಣ ಇಟ್ಟುಕೊಂಡು ಕೂತವನ ಮುಂದೆ ಒಬ್ಬಂಟಿ ರೈತ ಏನು ಹೇಳಿಯಾನು? ಊರು ಒಟ್ಟಾಗಿ ಮಾತಾಡಿದ್ದರೆ ಮಾತು ಬೇರೆ ಇರುತ್ತಿತ್ತು. ಸೀಗಡಿಗೆ ವರ್ಷವಿಡೀ ಉಪ್ಪುನೀರು ಬೇಕು, ಹಾಗಾಗಿ ಬಾಗಿಲು ಮಳೆಗಾಲದಲ್ಲೂ ಕಂತ್ರಾಟುದಾರನ ಕೈಯಲ್ಲಿ. ಕಗ್ಗ ಹೋಯಿತು. ಹತ್ತಿರದ ಬಾವಿಗಳ ನೀರು ಸಪ್ಪೆಯಿಂದ ಉಪ್ಪಾಯಿತು. 90ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯ ಸೀಗಡಿ ಹೊಂಡಗಳು ಒಂದರ ಹಿಂದೆ ಒಂದು ನೆಲಕಚ್ಚಿದವು. 1996ರ ಡಿಸೆಂಬರಿನಲ್ಲಿ ಕರಾವಳಿಯ ಇಂಥ ಸೀಗಡಿ ಹೊಂಡಗಳನ್ನು ತೆಗೆಸಬೇಕೆಂಬ ಸುಪ್ರೀಂ ಕೋರ್ಟಿನ ತೀರ್ಪೂ ಬಂತು. ಕಂತ್ರಾಟುದಾರರು ಹೋದರು. ನಮಗೆ ಉಳಿದದ್ದು ಒಡೆದ ಕಟ್ಟೆ.

ಬೀಜ ಉಳಿದಿದ್ದು ಮಾಣಿಕಟ್ಟಾದಲ್ಲಿ. ಅಲ್ಲಿನ ರೈತರು ಒಟ್ಟಾಗಿ ಕಗ್ಗ ಬೆಳೆಯುವುದನ್ನು ಬಿಡಲಿಲ್ಲ. ಆ ಊರಿಗೆ ನಾವೆಲ್ಲ ಋಣಿಗಳು. ನಮ್ಮೂರಿನ ಹಿರಿಯರು ಅಲ್ಲಿಗೆ ಹೋಗಿ ಬೀಜದ ಜೊತೆ ಇನ್ನೊಂದನ್ನೂ ತಂದರು. ಬದುಗಳನ್ನು ಮರೆತು ಇಡೀ ಗಜನಿಯನ್ನು ಒಂದೇ ಗದ್ದೆ ಎಂದು ನೋಡುವ ಕ್ರಮ. ಬೀಜ ಒಟ್ಟಿಗೆ, ಬಿತ್ತನೆ ಒಟ್ಟಿಗೆ, ಕಾವಲು ಸರದಿಯಂತೆ, ಬೆಳೆ ಪಾಲಿನ ಪ್ರಕಾರ. ಮೊದಲ ಸಭೆಗೆ ಬಂದವರು ಬೆರಳೆಣಿಕೆ ಜನ. ಹಣ ಇಲ್ಲ, ಕಟ್ಟೆ ಇಲ್ಲ, ಬೆಳೆದು ತಿನ್ನುವವರು ಯಾರು ಎಂದು ಕೇಳಿದವರೇ ಹೆಚ್ಚು. ದೊಡ್ಡಪ್ಪ ಎದ್ದು ಹೇಳಿದ ಮಾತು ಪುಸ್ತಕದಲ್ಲಿ ಹಾಗೇ ಇದೆ: 'ಹೊಸ್ತಿಗೆ ಕದಿರು ಬೇರೆ ಊರಿನಿಂದ ತರುವುದು ನನಗೆ ಸರಿ ಕಾಣುವುದಿಲ್ಲ.'

ಕರಾವಳಿಯವರಿಗೆ ಈ ಮಾತಿನ ತೂಕ ಗೊತ್ತು. ಹೊಸ್ತಿನ ದಿನ ಗದ್ದೆಯಿಂದ ಹೊಸ ಕದಿರು ತಂದು, ಪೂಜೆ ಮಾಡಿ, ಬಾಗಿಲಿಗೆ, ತೊಟ್ಟಿಲಿಗೆ, ಕಣಜಕ್ಕೆ ಕಟ್ಟುತ್ತೇವೆ. ಹೊಸ ಅಕ್ಕಿಯ ಊಟ ಮಾಡುತ್ತೇವೆ. ಗಜನಿ ಉಪ್ಪಾಗಿದ್ದ ವರ್ಷಗಳಲ್ಲೂ ಹಬ್ಬ ನಿಂತಿರಲಿಲ್ಲ, ಆದರೆ ಕದಿರಿಗೆ ಪರವೂರಿನ ಗದ್ದೆಗೆ ಹೋಗಬೇಕಿತ್ತು. ಕಟ್ಟೆಗೆ ಮಣ್ಣು ಹಾಕಲು ಜನ ಬಂದದ್ದು ಅಕ್ಕಿಯ ರೇಟು ನೋಡಿ ಅಲ್ಲವೇ ಅಲ್ಲ. ಇದನ್ನು ನಾನು ಖಾತ್ರಿಯಾಗಿ ಹೇಳಬಲ್ಲೆ.

ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರಲ್ಲಿ ಈ ಕೂಡಿ ತೀರ್ಮಾನಿಸುವ ಕ್ರಮ ಇನ್ನೂ ಗಟ್ಟಿಯಾಗಿದೆ. ಊರಿಗೆ ಗೌಡ, ಅವನ ಜೊತೆ ಸಲಹೆ ಕೊಡುವ ಬುಧವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಸುಗ್ಗಿ ಕುಣಿತಕ್ಕೆ ಹೊರಡುವುದೂ ಈ ವ್ಯವಸ್ಥೆಯ ಮೂಲಕವೇ. ಅಂಕೋಲಾದ ಸುಕ್ರಿ ಬೊಮ್ಮಗೌಡ ಅವರನ್ನು ಹಾಡಿಗಾಗಿ ಎಲ್ಲರೂ ನೆನೆಯುತ್ತಾರೆ, 2017ರಲ್ಲಿ ಪದ್ಮಶ್ರೀ ಬಂತು. ಅದೇ ಅಜ್ಜಿ ಸಾರಾಯಿ ವಿರುದ್ಧ ಊರಿನ ಹೆಂಗಸರನ್ನು ಕಟ್ಟಿ ನಿಲ್ಲಿಸಿದವರು ಕೂಡ. ಹಾಡು ಬೇರೆ, ಊರಿನ ಆಡಳಿತ ಬೇರೆ ಎಂದು ಅವರಿಗೆ ಯಾವತ್ತೂ ಅನಿಸಿರಲಿಕ್ಕಿಲ್ಲ.

ಇನ್ನು ಹಳಕಾರದ ಬಗ್ಗೆ ಹೇಳದೇ ಇರಲು ಆಗುವುದಿಲ್ಲ. ಕುಮಟಾಕ್ಕೆ ತಾಗಿಯೇ ಇರುವ ಊರು. ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ಕಾಲಿನ್ಸ್ ಎಂಬ ಅಧಿಕಾರಿಯ ವರದಿಯ ನಂತರ, ಊರಿನ ಕಾಡನ್ನು ಊರಿಗೇ ಒಪ್ಪಿಸುವ ಅರಣ್ಯ ಪಂಚಾಯತಗಳು ಶುರುವಾದವು. ಹಳಕಾರದ್ದು 1924ರದ್ದು. ಮೂರೂರು-ಕಲ್ಲಬ್ಬೆ, ಚಿತ್ರಗಿಯಲ್ಲೂ ಇದ್ದವು. ರಾಜ್ಯಗಳ ಪುನರ್‌ವಿಂಗಡಣೆ ಆಗಿ ಎಷ್ಟೋ ವರ್ಷಗಳ ಮೇಲೆ, 1979ರಲ್ಲಿ, ಇವನ್ನು ರದ್ದು ಮಾಡುವ ಆದೇಶ ಬಂತು. ಹಳಕಾರದವರು ಕೋರ್ಟಿಗೆ ಹೋಗಿ ತಡೆ ತಂದರು. ಕಾಡು ಉಳಿಯಿತು. ಪೇಟೆಗೆ ತೀರಾ ಹತ್ತಿರದ ಚಿತ್ರಗಿಯಲ್ಲಿ ಪಂಚಾಯತ ಹೋಯಿತು, ಅದರ ಬೆನ್ನಿಗೇ ಕಾಡೂ ಹೋಯಿತು. ಮಣ್ಣು ಒಂದೇ, ಮಳೆ ಒಂದೇ, ಪೇಟೆ ಒಂದೇ. ದರಕು (ಒಣ ಎಲೆ) ಯಾರು ಗುಡಿಸಬೇಕು, ಒಣಕಟ್ಟಿಗೆ ಯಾರು ತರಬೇಕು ಎಂದು ಊರು ಕೂತು ಹೇಳುವ ಅಧಿಕಾರ ಒಂದು ಕಡೆ ಉಳಿಯಿತು, ಇನ್ನೊಂದು ಕಡೆ ಉಳಿಯಲಿಲ್ಲ.

ಕಾನೂನು ಈಗ ಬೇಕಾದಷ್ಟಿದೆ. ಗ್ರಾಮಸಭೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಕ್ಕೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಬೆಳೆ, ಮೀನು, ಮರಗಳ ದಾಖಲೆ ಬರೆಯಬೇಕು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನನಗೆ ಹೆಮ್ಮೆ ಇದೆ. ಆದರೆ ಪಟ್ಟಿಗೆ ಸೇರಿದ್ದರಿಂದ ಜಂತ್ರಡಿ ಹಲಗೆ ಹೊಸದಾಗುವುದಿಲ್ಲ. ಈಗಲೂ ಕಟ್ಟೆ ಅಲ್ಲಲ್ಲಿ ಸೋರುತ್ತಿದೆ. ಹುಡುಗರು ಗೋವಾಕ್ಕೆ, ಬೆಂಗಳೂರಿಗೆ ಹೋಗಿದ್ದಾರೆ. ಕೊಯ್ಲಿಗೆ ಕೆಸರಿನಲ್ಲಿ ಇಳಿಯುವವರು ಬಹುತೇಕ ಅರವತ್ತು ದಾಟಿದವರು. ಮೀನಿನ ಲಿಲಾವಿನ ಹಣ ಅಕ್ಕಿಗಿಂತ ಜಾಸ್ತಿ ಬರುವುದರಿಂದ, 'ಕೊಯ್ಲಿಗೆ ಕಾಯೋದು ಯಾಕೆ, ಬಾಗಿಲು ಬೇಗ ತೆಗೆಯೋಣ' ಅನ್ನುವ ಮಾತು ಪ್ರತಿ ವರ್ಷ ಏಳುತ್ತದೆ. ಪ್ರತಿ ವರ್ಷ ಅದಕ್ಕೆ ಉತ್ತರ ಹೇಳಬೇಕು. ಹುಲ್ಲು ಇಲ್ಲದಿದ್ದರೆ ಶೆಟ್ಲಿಗೆ ಆಹಾರ ಎಲ್ಲಿಂದ, ಅಲ್ವಾ?

ನನ್ನ ಮನಸ್ಸಿನಲ್ಲಿ ಈಗ ಕೊರೆಯುತ್ತಿರುವುದು ಬೇರೆ ವಿಷಯ. ಗಜನಿ ಸಭೆಯಲ್ಲಿ ಕೂರುವವರು ಪಹಣಿ ಇದ್ದವರು. ಕಟ್ಟೆಯ ಆಚೆ, ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಲ್ಲಿ ನಿಂತು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ಹೆಂಗಸರಿಗೆ ಪಹಣಿ ಇಲ್ಲ, ಹಾಗಾಗಿ ಕುರ್ಚಿಯೂ ಇಲ್ಲ. ಹೊಳೆಯನ್ನು ದಿನವೂ ಮೈಯಲ್ಲಿ ತಿಳಿಯುವವರು ಅವರು. ಮರಳು ತೆಗೆದ ಕಡೆ ಬಳಚು ಮಾಯವಾದದ್ದನ್ನು ಮೊದಲು ಹೇಳಿದವರು ಅವರೇ. ಕಟ್ಟೆಯ ಹೊರಮೈಗೆ ನೆಟ್ಟ ಕಾಂಡ್ಲಾ (ಮ್ಯಾಂಗ್ರೋವ್) ಸಸಿಗಳನ್ನು ದೋಣಿ ತಾಗದಂತೆ ನೋಡಿಕೊಂಡವರೂ ಅವರೇ. ಆ ಕಾಂಡ್ಲಾ ಬೇರು ಹಿಡಿದದ್ದರಿಂದಲೇ ಆ ಭಾಗದ ಕಟ್ಟೆ ಕಳೆದ ಮಳೆಗಾಲದಲ್ಲಿ ನಿಂತಿತು. ಅವರ ಪರವಾಗಿ ಇಬ್ಬರು ಸಭೆಯಲ್ಲಿ ಕೂರಬೇಕು, ಕಟ್ಟೆ ಮತ್ತು ಬಾಗಿಲಿನ ತೀರ್ಮಾನದಲ್ಲಿ ಅವರಿಗೂ ಮತ ಇರಬೇಕು ಎಂದು ನಾನು ಬರೆದು ಕೊಟ್ಟಿದ್ದೇನೆ. ದೊಡ್ಡಪ್ಪ ಒಪ್ಪಿಲ್ಲ. 'ತಂಗೀ, ಪಾಲು ಇಲ್ಲದವರು ಖರ್ಚಿಗೆ ಕೊಡ್ತಾರಾ?' ಅಂದರು. ಕೆಲಸ ಕೊಡುತ್ತಿದ್ದಾರಲ್ಲ ಅಂದೆ. ಸಭೆಯಲ್ಲಿ ಮಾತಾಡೋಣ ಅಂದಿದ್ದಾರೆ, ಅಷ್ಟು ಮಟ್ಟಿಗೆ ಬಾಗಿಲು ಮುಚ್ಚಿಲ್ಲ.

ಸಭೆ ಮೇ ತಿಂಗಳಲ್ಲಿ, ಕಟ್ಟೆ ಕೆಲಸಕ್ಕೆ ಮೊದಲು. ಕುಮಟಾ, ಹೊನ್ನಾವರ, ಅಂಕೋಲಾ ಕಡೆಯ ಯಾವುದಾದರೂ ಗಜನಿಯಲ್ಲಿ ಭೂಮಿ ಇಲ್ಲದವರಿಗೂ ಜಾಗ ಕೊಟ್ಟ ನಿಯಮ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಸಭೆಯಲ್ಲಿ ಅದನ್ನು ಓದಿ ಹೇಳುತ್ತೇನೆ.