ರಾಗಿ ಮೀಟಿಂಗಲ್ಲಿ ಹುಲ್ಲಿನ ಪ್ರಶ್ನೆ

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಲ್ವಾ, ಆಗ ಬೆಂಗಳೂರಲ್ಲಿ ಒಂದು ಮೀಟಿಂಗ್‌ಗೆ ನೋಟ್ಸ್ ಬರ್ಕೊಳ್ಳೋಕೆ ನನ್ನ ಕರೆದಿದ್ರು. ನಮ್ಮಲ್ಲಿ ಮತ್ತೆ ಪೂರ್ವ ಆಫ್ರಿಕಾದಲ್ಲಿ ರಾಗಿ ಮೇಲೆ ಮುಂದೆ ಯಾವ ಸಂಶೋಧನೆಗೆ ದುಡ್ಡು ಹಾಕ್ಬೇಕು, ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ತೀರ್ಮಾನ ಮಾಡೋದು ಕೆಲ್ಸ. ದುಡ್ಡು ಕೊಡೋರು ಹೊರದೇಶದೋರು, ವಿಜ್ಞಾನಿಗಳು ಎರಡೂ ಕಡೆಯೋರು, ಮಾಗಡಿ ಕಡೆಯಿಂದ ಒಂದಿಷ್ಟು ರೈತರು.

ಆಫ್ರಿಕಾ ಜೊತೆ ಈ ನಂಟೇನು ಹೊಸದಲ್ಲ ಬಿಡಿ. ರಾಗಿಯ ತವರೇ ಪೂರ್ವ ಆಫ್ರಿಕಾ, ನಮ್ಮ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವ್ರು ಮಂಡ್ಯದಲ್ಲಿ ಅಲ್ಲಿನ ತಳಿಗೂ ಇಲ್ಲಿನ ತಳಿಗೂ ಕ್ರಾಸ್ ಮಾಡಿ ಇಂಡಾಫ್ ತಳಿಗಳನ್ನ ಕೊಟ್ಟೋರು. ಆದ್ರೆ ಜಗತ್ತಿನ ದೊಡ್ಡ ದುಡ್ಡು ಬೇರೆ ಕಡೆ ಹೋಯ್ತು, ಭತ್ತಕ್ಕೆ 1960ರಲ್ಲೇ ಫಿಲಿಪೈನ್ಸಲ್ಲಿ ಸಂಶೋಧನಾ ಸಂಸ್ಥೆ, ಗೋಧಿ ಮೆಕ್ಕೆಜೋಳಕ್ಕೆ 1966ರಲ್ಲಿ ಮೆಕ್ಸಿಕೋದಲ್ಲಿ, 1972ರಲ್ಲಿ ಹೈದ್ರಾಬಾದ್ ಹತ್ರ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ಶುರುವಾದಾಗ್ಲೂ ಜೋಳ ಸಜ್ಜೆ ಮುಂದೆ, ರಾಗಿ ಆ ಪಟ್ಟಿಗೆ ಸೇರಿದ್ದು ತುಂಬಾ ಲೇಟಾಗಿ.

ಗೋಡೆ ತುಂಬಾ ಚಾರ್ಟು, ಎಲ್ರ ಕೈಲೂ ಬಣ್ಣದ ಸ್ಟಿಕ್ಕರು, ಯಾವ್ದು ಮುಖ್ಯ ಅನ್ಸುತ್ತೋ ಅದರ ಮುಂದೆ ಅಂಟಿಸಿ ಅಂದ್ರು. ಚಾರ್ಟಲ್ಲಿ ಬೆಂಕಿ ರೋಗ, ಇಳುವರಿ, ಪೌಷ್ಟಿಕಾಂಶ, ಮಾರ್ಕೆಟ್ ಅಂತ ಮೊದ್ಲೇ ಪ್ರಿಂಟ್ ಆಗಿತ್ತು. ಒಬ್ಬ ಅಮ್ಮ ಸ್ಟಿಕ್ಕರ್ ಅಂಟಿಸ್ದೆ ಕೇಳಿದ್ರು, "ಕಾಳು ಜಾಸ್ತಿ ಬರ್ಲಿ ಸಾರ್, ಹುಲ್ಲು ಎಷ್ಟುದ್ದ ಬತ್ತದೆ? ಗಿಡ್ಡ ಆದ್ರೆ ಹಸುಗೆ ಏನಾಕದು? ಡೈರಿ ದುಡ್ಡಲ್ಲೇ ಮನೆ ನಡೀತಿರದು." ಅದ್ರ ಹಿಂದೆ ಕಳೆ ವಿಷ್ಯ ಬಂತು, ದಿನವಿಡೀ ಬಗ್ಗಿ ಕಳೆ ಕೀಳೋರು ಹೆಂಗಸ್ರೇ, ಕೂಲಿಗೆ ಆಳೂ ಸಿಗಲ್ಲ. ಕೀನ್ಯಾದಿಂದ ಬಂದಿದ್ದ ವಿಜ್ಞಾನಿ ಇದನ್ನ ಕೇಳಿಸ್ಕೊಂಡು ಎದ್ದು ನಿಂತೇಬಿಟ್ರು, ನಮ್ಮಲ್ಲೂ ಅದೇ ಕಥೆ, ಅದ್ರ ಜೊತೆಗೆ ಸ್ಟ್ರೈಗಾ ಅಂತ ಕಳೆ ರಾಗಿ ಬೇರಿಗೇ ಅಂಟ್ಕೊಂಡು ರಸ ಹೀರುತ್ತೆ ಅಂದ್ರು. ಮೀಟಿಂಗ್ ನಡೆಸ್ತಿದ್ದೋರು ನಗ್ತಾ ಹುಲ್ಲು, ಕಳೆ ಎರಡನ್ನೂ "ಇತರೆ" ಅನ್ನೋ ಹಾಳೇಲಿ ಬರೆದ್ರು. ಸ್ಟಿಕ್ಕರ್‌ಗಳು ಅಷ್ಟೊತ್ತಿಗೆ ಖಾಲಿ!

ನಂಗೆ ಬೆಂಕಿ ರೋಗದ ಮೇಲೇನೂ ತಕರಾರಿಲ್ಲ, ಅದು ಬಂದ್ರೆ ತೆನೆ ಜೊಳ್ಳಾಗುತ್ತೆ, ಆ ರೋಗ ತಡ್ಕೊಳ್ಳೋ ಜಿಪಿಯು-28 ತರದ ತಳಿ ಬಂದ್ಮೇಲೆ ಎಷ್ಟೋ ರೈತರು ನೆಮ್ಮದಿಯ ಉಸಿರು ಬಿಟ್ರು. ಆದ್ರೆ ಪಟ್ಟಿ ಮೊದ್ಲೇ ಮಾಡಿಟ್ಟು ಆಮೇಲೆ ಓಟು ಕೇಳೋದು ಯಾವ ಲೆಕ್ಕ? ಇನ್ನೊಂದು ತಮಾಷೆ ಅಂದ್ರೆ ದುಡ್ಡು ಸಿಗೋದು ಮೂರು ವರ್ಷಕ್ಕೆ, ಹೊಸ ತಳಿ ಹೊಲಕ್ಕೆ ಬರೋಕೆ ಹತ್ತಿರ ಹತ್ತಿರ ಹತ್ತು ವರ್ಷ ಬೇಕು, ಹಂಗಾಗಿ ಮೂರು ವರ್ಷದಲ್ಲಿ ತೋರ್ಸೋಕಾಗೋದೇ ಮುಖ್ಯ ಆಗ್ಬಿಡುತ್ತೆ.

ಆಮೇಲೆ ರಿಪೋರ್ಟ್ ಬಂತು. ಹುಲ್ಲಿನ ಬಗ್ಗೆ ಒಂದು ಸಾಲಿದೆ, ಬಜೆಟ್ ಕಾಲಂ ಖಾಲಿ. ಕಳೆ ಹೆಸ್ರೇ ಇಲ್ಲ, ನನ್ನ ನೋಟ್ಸ್ ಕಾಪಿನ ಇನ್ನೊಂದ್ಸಲ ಮೇಲ್ ಮಾಡಿದೀನಿ, ನೋಡೋಣ.